ಬೆಣ್ಣೆ ಹಚ್ಚಿ ಕೇಳಿದ ಕಲ್ಲು

ಹೊರಡುವ ಮುಂಚೆ

ನಾನು ಜರ್ಮನಿ ನೋಡಿದ್ದು ಒಂದು ಕಬ್ಬಿಣದ ಬೀರುವಿನ ದಯೆಯಿಂದ. ಮೈಸೂರಿನ ನಮ್ಮ ಕಚೇರಿಯಲ್ಲಿ ಹಳೆಯ ಶಿಲ್ಪಗಳ ಪಾಚಿ ತೆಗೆದು, ತೊಳೆದು, ಒರೆಸಿ ಕಾಪಾಡುವುದು ನಮ್ಮ ಕೆಲಸ. ಆ ಬೀರುವಿನೊಳಗೆ ಒಂದು ಯಂತ್ರವಿತ್ತು. ಕಲ್ಲನ್ನು ಒಡೆಯದೆ, ಕೊರೆಯದೆ, ಅದರ ಹೊಟ್ಟೆಯೊಳಗೆ ಬಿರುಕಿದೆಯೇ ಇಲ್ಲವೇ ಎಂದು ಹೇಳುವ ಯಂತ್ರ. ಯಾವ ಸಾಹೇಬರ ಕಾಲದಲ್ಲಿ ತರಿಸಿದ್ದೋ, ಬಳಸಲು ಯಾರಿಗೂ ಬರುತ್ತಿರಲಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಹೊರಗೆ ತೆಗೆದು, ಕುಂಕುಮ ಇಟ್ಟು, ಹೂ ಮುಡಿಸಿ, ಮಂಗಳಾರತಿ ಮಾಡಿ, ಪುನಃ ಬೀಗ ಹಾಕುತ್ತಿದ್ದೆವು. ಕೊನೆಗೆ ಮೇಲಿನವರಲ್ಲಿ ಯಾರಿಗೋ ನಾಚಿಕೆಯಾಗಿ, ಒಬ್ಬನನ್ನು ಹೊರದೇಶಕ್ಕೆ ಕಳಿಸಿ ಇದನ್ನು ಕಲಿಸಬೇಕೆಂದು ತೀರ್ಮಾನವಾಯಿತು.

ಹೋಗುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರಿಗೂ ಒಂದೊಂದು ತೊಡಕು. ಒಬ್ಬರಿಗೆ ಮಕ್ಕಳ ಪರೀಕ್ಷೆ, ಇನ್ನೊಬ್ಬರಿಗೆ ಹೆಂಡತಿಯ ಬಾಣಂತನ, ಮತ್ತೊಬ್ಬರಿಗೆ ತಾಯಿಯ ಮಂಡಿನೋವು. ತೊಡಕೇ ಇಲ್ಲದವನು ನಾನೊಬ್ಬನೇ. ಹಿಂದಿನ ವರ್ಷವಷ್ಟೇ ನನ್ನ ಹೆಂಡತಿ ಲಲಿತ ತೀರಿಕೊಂಡಿದ್ದಳು. ಮಕ್ಕಳಿಲ್ಲ. "ನಿಮಗೇನು ಸಾರ್, ಬೀಗ ಹಾಕ್ಕೊಂಡು ಹೊರಡೋದು ತಾನೆ" ಎಂದರು ಪಕ್ಕದ ಮೇಜಿನವರು. ಮಾತಿನಲ್ಲಿ ತಪ್ಪಿರಲಿಲ್ಲ. ಅರ್ಜಿಗೆ ಸಹಿ ಹಾಕಿಕೊಟ್ಟೆ, ಅಷ್ಟೆ.

ಸುದ್ದಿ ನಮ್ಮೂರಿಗೆ ನನಗಿಂತ ಮೊದಲೇ ಮುಟ್ಟಿತ್ತು. ನಮ್ಮೂರು ಸಿಂಧಘಟ್ಟದಿಂದ ಆಚೆ, ಬಸ್ಸಿಳಿದು ಕಬ್ಬಿನ ಗದ್ದೆಗಳ ನಡುವೆ ನಡೆಯಬೇಕಾದ ಹಳ್ಳಿ. ಅಲ್ಲಿ ಒಂದು ಸಣ್ಣ ಗೋಪಾಲಸ್ವಾಮಿ ಗುಡಿ. ಆ ಗೋಪಾಲಸ್ವಾಮಿಯ ಮೈಮೇಲೆ ಸ್ವಲ್ಪ ದಿನಗಳಿಂದ ಒಂದು ವಿಚಿತ್ರ ಕಾಣುತ್ತಿತ್ತು. ಅಭಿಷೇಕ ಮುಗಿದು ವಿಗ್ರಹವೆಲ್ಲ ಒಣಗಿದರೂ ಎಡಭುಜದಿಂದ ಸೊಂಟದವರೆಗೆ ಒಂದು ಗೆರೆ ಮಾತ್ರ ಒದ್ದೆಯಾಗಿ ಉಳಿಯುತ್ತಿತ್ತು. ಬಿರುಕಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಬಿರುಕಿದೆ ಎಂದರೆ ವಿಗ್ರಹ ಭಿನ್ನವಾಯಿತು, ಭಿನ್ನವಾದದ್ದಕ್ಕೆ ಪೂಜೆಯಿಲ್ಲ. ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಯಲ್ಲಿ ಬಿಟ್ಟು ಹೊಸದನ್ನು ಕೂರಿಸಬೇಕು.

ಊರಿನ ಯಜಮಾನ ಬೋರೇಗೌಡರು ಆಗಲೇ ಹೊಸ ವಿಗ್ರಹಕ್ಕೆ ಶಿಲ್ಪಿಯೊಬ್ಬನ ಹತ್ತಿರ ಮಾತಾಡಿ ಬಂದಿದ್ದರು. ಟ್ರಾಕ್ಟರು ಮಗುಚಿ ಕಾಲು ಮುರಿದುಕೊಂಡಿದ್ದ ಮನುಷ್ಯ, ಕುಂಟುತ್ತಲೇ ಊರಿನ ಕೆಲಸವನ್ನೆಲ್ಲ ನಿಭಾಯಿಸುವವರು. ಅವರಿಗೆ ಯಾವುದೂ ತೂಗುಯ್ಯಾಲೆಯಲ್ಲಿ ಇರಬಾರದು. ಅರ್ಚಕ ನರಸಿಂಹಯ್ಯನವರು ಮಾತ್ರ, ಮೀಸೆ ಮೂಡುವ ಮೊದಲಿನಿಂದ ಆ ಮೂರ್ತಿಗೆ ನೀರೆರೆದವರು, ಗೆರೆಯ ಮಾತು ಬಂದಾಗಲೆಲ್ಲ ಎದ್ದು ಹೋಗಿ ದೀಪದ ಬತ್ತಿ ಸರಿ ಮಾಡುತ್ತಿದ್ದರು.

ಬೋರೇಗೌಡರು ನನ್ನನ್ನು ಗುಡಿಯ ಜಗುಲಿಯ ಮೇಲೆ ಕೂರಿಸಿಕೊಂಡರು. "ಕಲ್ತ್ಕಂಡ್ ಬಾ ಕಣ್ಲಾ ಚಂದ್ರ. ಬಂದು ಕಂಡಂಗೆ ಯೋಳ್ಬುಡು. ಅದೆ ಅಂದ್ರೆ ಒಳೆಗ್ ಬುಟ್ಬುಡ್ತೀವಿ, ಇಲ್ಲ ಅಂದ್ರೆ ಇರ್ಲಿ. ಗಂಟೆ ಅಲ್ಲಾಡ್ಸಕಂಡು ಅನ್ಮಾನದಾಗೆ ಪೂಜೆ ಮಾಡಕಾಯ್ತದಾ?" ಎಂದರು. ನಾನು ಬರುವವರೆಗೆ ಕಾಯುವುದೆಂದು ಊರು ಒಪ್ಪಿತು.

ನರಸಿಂಹಯ್ಯನವರು ಬಸ್ಸಿನ ತನಕ ಜೊತೆಗೆ ಬಂದರು. ದಾರಿಯುದ್ದಕ್ಕೂ ಮಳೆಬೆಳೆ ಮಾತಾಡಿದರು. ಬಸ್ಸು ಕಂಡ ಮೇಲೆ ಮೆತ್ತಗೆ ಕೇಳಿದರು: "ಗೊತ್ತಾಗಲೇಬೇಕೇನಪ್ಪ ಚಂದ್ರು?" ಬಸ್ಸು ಹತ್ತಿ ಕಿಟಕಿಯಿಂದ ಕೈ ಮುಗಿದೆ.

ಉದ್ಯಾನದ ಊರು

ನನಗೆ ಕೋಟು ಇರಲಿಲ್ಲ. ಸೋದರಮಾವನ ಮಗ ತನ್ನ ಮದುವೆಯ ಕೋಟನ್ನು ಕೊಟ್ಟ. ಅವನು ಮದುವೆಯಲ್ಲೇ ದಪ್ಪ, ನಾನು ಯಾವತ್ತೂ ಸಣ್ಣ. ವಿಮಾನ ಇಳಿಯುವಷ್ಟರಲ್ಲಿ ಅದರ ಮೇಲಿನ ಗುಂಡಿ ಕಿತ್ತು ಎಲ್ಲೋ ಬಿತ್ತು. ಚೀಲದ ಒಳಜೇಬಿಗೆ ಸಿಕ್ಕಿಸಿದ್ದ ಒಂದು ಪಿನ್ನು ತೆಗೆದು ಕೋಟಿಗೆ ಹಾಕಿಕೊಂಡೆ. ಅದು ಲಲಿತಳದು. ಅವಳು ಪಿನ್ನಿಲ್ಲದೆ ಇರುತ್ತಿದ್ದ ಹೆಂಗಸಲ್ಲ. ಮಾಂಗಲ್ಯದ ಸರದಲ್ಲಿ ಒಂದು ಗೊಂಚಲು, ಬಳೆಯಲ್ಲಿ ಒಂದೆರಡು, ರವಿಕೆಯ ಭುಜದ ಮೇಲೆ ಒಂದು. ಮದುವೆ ಮನೆಗಳಲ್ಲಿ ನೆಂಟರ ಹೆಂಗಸರೆಲ್ಲ ಸೆರಗು ಜಾರಿದರೆ ಅವಳ ಹತ್ತಿರವೇ ಓಡಿ ಬರುತ್ತಿದ್ದರು. ಆ ಪಿನ್ನು ಹಾಕಿಕೊಂಡೇ ನಾನು ಇಡೀ ಚಳಿಗಾಲ ಕಳೆದೆ. ಅಲ್ಲಿ ಗುಂಡಿ ಸಿಗುತ್ತಿರಲಿಲ್ಲವೆಂದಲ್ಲ.

ನನ್ನನ್ನು ಕಳಿಸಿದ್ದು ಆ ದೇಶದ ಪೂರ್ವಭಾಗದ ಒಂದು ಸಣ್ಣ ಊರಿಗೆ. ದೇಶವನ್ನು ಎರಡು ಮಾಡಿದ್ದ ಗೋಡೆ ಬಿದ್ದು ಎಲ್ಲ ಒಂದಾಗಿ ಕೆಲವು ವರ್ಷಗಳಾಗಿದ್ದರೂ ಊರು ಇನ್ನೂ ಅರ್ಧ ನಿದ್ದೆಯಲ್ಲಿದ್ದಂತೆ ಕಾಣುತ್ತಿತ್ತು. ಅಲ್ಲಿ ಹಿಂದಿನ ರಾಜನೊಬ್ಬನ ಅರಮನೆ, ಅರಮನೆಗೊಂದು ಉದ್ಯಾನ, ಉದ್ಯಾನದ ತುಂಬ ಅಮೃತಶಿಲೆಯ ಮೂರ್ತಿಗಳು ಎಂದು ನನಗೆ ಹೇಳಿದ್ದರು. ಮೊದಲ ದಿನ ನಾನೊಬ್ಬನೇ ನೋಡಲು ಹೋದೆ. ಮೂರ್ತಿ ಒಂದೂ ಇಲ್ಲ. ದಾರಿಯ ಎರಡೂ ಕಡೆ ಆಳೆತ್ತರದ ಮರದ ಪೆಟ್ಟಿಗೆಗಳು, ಸಾಲಾಗಿ, ಒಂದರ ಪಕ್ಕ ಒಂದು.

ಚಳಿಗೆ ನನಗೆ ಆಗಲೇ ಅವಸರವಾಗಿತ್ತು. ಎಂಥ ಅಚ್ಚುಕಟ್ಟಿನ ಜನ, ದಾರಿಯುದ್ದಕ್ಕೂ ಪಾಯಿಖಾನೆ ಕಟ್ಟಿಸಿದ್ದಾರಲ್ಲ ಎಂದು ಮೆಚ್ಚಿಕೊಂಡು ಒಂದರ ಬಾಗಿಲು ಹುಡುಕಿದೆ. ಸುತ್ತ ಬಂದೆ, ತಟ್ಟಿದೆ, ತಳ್ಳಿದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕಿ ನಿಂತು ನೋಡಿ, ನನ್ನ ಸ್ಥಿತಿ ಅರ್ಥವಾಗಿ, ದೂರದ ಒಂದು ಕಟ್ಟಡಕ್ಕೆ ಕೈ ತೋರಿಸಿದಳು. ನಾನು ತಟ್ಟಿದ ಪೆಟ್ಟಿಗೆಯೊಳಗೆ ದೇವತೆ ಇದ್ದಾಳೆಂದು ನನಗೆ ಮರುದಿನ ತಿಳಿಯಿತು. ಅಲ್ಲಿ ಹಿಮ ಬೀಳುವ ಮುಂಚೆ ಪ್ರತಿ ಮೂರ್ತಿಗೂ ಒಂದೊಂದು ಮರದ ಮನೆ ತೊಡಿಸುತ್ತಾರೆ. ಕಲ್ಲಿನೊಳಗೆ ಹೊಕ್ಕ ನೀರು ಹೆಪ್ಪುಗಟ್ಟಿದರೆ ಕಲ್ಲು ಬಿರಿಯುತ್ತದಂತೆ. ಬೇಸಿಗೆಯ ಮೊದಲು ಪೆಟ್ಟಿಗೆ ಬಿಚ್ಚುತ್ತಾರೆ. ನಾನು ಹೋಗಿದ್ದು ದೇವರುಗಳೆಲ್ಲ ಬಾಗಿಲು ಹಾಕಿಕೊಂಡ ಕಾಲದಲ್ಲಿ.

ಮರದ ಮನೆಯ ಒಳಗೆ

ನನಗೆ ಕೆಲಸ ಕಲಿಸಿದವರು ಫ್ರೌ ಲಾಂಗೆ. ಫ್ರೌ ಎಂದರೆ ನಮ್ಮ ಶ್ರೀಮತಿ ಇದ್ದ ಹಾಗೆ. ನಿವೃತ್ತಿಯ ಅಂಚಿನ ಹೆಂಗಸು, ಗಂಡಸಿನಂತೆ ಕತ್ತರಿಸಿದ ಬಿಳಿ ಕೂದಲು, ಅಳೆದು ಆಡುವ ಇಂಗ್ಲಿಷು. ನನ್ನ ಇಂಗ್ಲಿಷೂ ಅದೇ ಜಾತಿಯದಾದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ನನ್ನನ್ನು "ಹೆರ್ ಗೌಡ", ಅಂದರೆ ಶ್ರೀಯುತ ಗೌಡರು, ಎನ್ನುತ್ತಿದ್ದರು. ಊರಿನಲ್ಲಿ ಗೌಡರೇ ಎಂದು ಕರೆಸಿಕೊಳ್ಳಲು ಹೊಲ ಇರಬೇಕು, ನನಗಿಲ್ಲ. ಅಲ್ಲಿ ಪುಕ್ಕಟೆ ಸಿಕ್ಕಿತು.

ಯಂತ್ರ ನಮ್ಮ ಬೀರುವಿನೊಳಗಿನದೇ. ಒಂದು ಪೆಟ್ಟಿಗೆ, ಅದರಿಂದ ಹೊರಡುವ ಎರಡು ತಂತಿ, ತಂತಿಯ ತುದಿಗೆ ಬ್ಯಾಟರಿ ದೀಪದ ತಲೆಯಂಥ ಎರಡು ಬಿಲ್ಲೆ. ಒಂದನ್ನು ಮೂರ್ತಿಯ ಈ ಕಡೆ ಒತ್ತಿ ಹಿಡಿದರೆ ಅದು ನಮ್ಮ ಕಿವಿಗೆ ಕೇಳದ ಒಂದು ಸದ್ದನ್ನು ಕಲ್ಲಿನೊಳಕ್ಕೆ ಕಳಿಸುತ್ತದೆ. ಆ ಕಡೆ ಹಿಡಿದ ಬಿಲ್ಲೆ ಅದನ್ನು ಕೇಳಿಸಿಕೊಳ್ಳುತ್ತದೆ. ದಾಟಲು ಎಷ್ಟು ಹೊತ್ತಾಯಿತೆಂದು ಪೆಟ್ಟಿಗೆಯ ಮೇಲೆ ಅಂಕಿ ಮೂಡುತ್ತದೆ. ಬಿಲ್ಲೆಗೂ ಕಲ್ಲಿಗೂ ನಡುವೆ ಗಾಳಿ ಇರಬಾರದು, ಅದಕ್ಕೆ ಜಿಡ್ಡಿನ ಒಂದು ಮುಲಾಮು ಹಚ್ಚಬೇಕು.

ನನಗೆ ಅರ್ಥವಾಗಿದೆಯೇ ಎಂದು ಫ್ರೌ ಲಾಂಗೆ ಪರೀಕ್ಷೆ ಮಾಡಿದಾಗ ನಾನು ಕಾಗದದ ಮೇಲೆ ನಮ್ಮ ಸೀಮೆಯ ನಕ್ಷೆ ಬರೆದೆ. ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ನೇರ ರಸ್ತೆಯಲ್ಲಿ ಹೋದರೆ ಬಸ್ಸು ಬೇಗ ಮುಟ್ಟುತ್ತದೆ. ದಾರಿಯಲ್ಲಿ ಸೇತುವೆ ಕುಸಿದಿದ್ದರೆ ಪಾಂಡವಪುರ ಸುತ್ತಿಕೊಂಡು ಹೋಗಬೇಕು, ತಡವಾಗುತ್ತದೆ. ಬಸ್ಸು ತಡವಾಗಿ ಬಂತೆಂದರೆ ನಡುವೆ ಎಲ್ಲೋ ಸೇತುವೆ ಬಿದ್ದಿದೆ ಎಂದು ನಾಗಮಂಗಲದಲ್ಲಿ ಕೂತೇ ಹೇಳಬಹುದು. ಬಿರುಕೂ ಹಾಗೆಯೇ. ಅವರು ನಕ್ಷೆಯನ್ನು ಗೋಡೆಗೆ ಅಂಟಿಸಿದರು. ಆಮೇಲೆ ಅಂಕಿ ಕೆಟ್ಟದಾಗಿ ಬಂದಾಗಲೆಲ್ಲ "ಪಾಂಡವಪುರ" ಎನ್ನುವುದನ್ನು ಅಭ್ಯಾಸ ಮಾಡಿಕೊಂಡರು. ಅವರ ಬಾಯಲ್ಲಿ ಆ ಹೆಸರು ಕೇಳಲೆಂದೇ ನಾನು ಒಮ್ಮೊಮ್ಮೆ ಕೆಟ್ಟ ಅಂಕಿಯನ್ನು ಎರಡೆರಡು ಸಲ ಓದುತ್ತಿದ್ದೆ.

ಕೆಲಸಕ್ಕಿಳಿದಾಗ ಇನ್ನೊಂದು ತಾಪತ್ರಯ. ಪೆಟ್ಟಿಗೆಯ ಒಂದು ಹಲಗೆ ಬಿಚ್ಚಿ ಒಳಗೆ ಹೋಗಬೇಕು. ನಾನು ಪ್ರತಿ ಸಲವೂ ಹೊರಗೆ ಬೂಟು ಬಿಚ್ಚುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ, ಬಾಗಿಲು ತೆರೆದು ಮೂರ್ತಿ ಕಂಡರೆ ಕೈ ತಾನಾಗಿ ಬಿಚ್ಚುತ್ತಿತ್ತು. ಹೆಪ್ಪುಗಟ್ಟಿದ ನೆಲದ ಮೇಲೆ ಬರೀ ಕಾಲುಚೀಲದಲ್ಲಿ ನಿಂತು ಪಾದ ಮರಗಟ್ಟಿಹೋಗುತ್ತಿತ್ತು. ಅದು ಸಾಲದೆಂಬಂತೆ ದೇವತೆಗಳ ಮೈಮೇಲೆ ಬಟ್ಟೆ ಇರುತ್ತಿರಲಿಲ್ಲ. ಎದೆಯ ಈ ಕಡೆ ಒಂದು ಬಿಲ್ಲೆ, ಬೆನ್ನಿಗೆ ಒಂದು ಬಿಲ್ಲೆ ಹಿಡಿದು, ನಾನು ಪೆಟ್ಟಿಗೆಯ ಚಾವಣಿ ನೋಡುತ್ತಾ ನಿಲ್ಲುತ್ತಿದ್ದೆ. ಅಂಕಿ ಓದುವವರು ನೀವೋ ನಾನೋ ಎಂದು ಫ್ರೌ ಲಾಂಗೆ ಕೇಳುತ್ತಿದ್ದರು.

ಬೂಟಿನ ವಿಷಯ ಅವರು ಕೇಳಲೇ ಇಲ್ಲ. ಒಂದು ದಿನ ಹೋದಾಗ ಪೆಟ್ಟಿಗೆಯೊಳಗೆ ಮೂರ್ತಿಯ ಸುತ್ತ ಒಂದು ಹಳೆಯ ಕಂಬಳಿ ಹಾಸಿತ್ತು. ಆಮೇಲೆ ಯಾವ ಪೆಟ್ಟಿಗೆಗೆ ಹೋದರೂ ನಮ್ಮ ಜೊತೆ ಆ ಕಂಬಳಿಯೂ ಬರುತ್ತಿತ್ತು.

ಒಂದು ಭಾನುವಾರ

ವಾರದ ಆರು ದಿನ ಹೇಗೋ ಸಾಗುತ್ತಿತ್ತು, ಭಾನುವಾರ ಬಂದರೆ ನನಗೆ ದಿಗಿಲು. ಆ ಊರಿನಲ್ಲಿ ಭಾನುವಾರ ಅಂಗಡಿ ಇಲ್ಲ, ಜನವಿಲ್ಲ, ಸದ್ದಿಲ್ಲ. ನನ್ನದು ಮೇಲಿನ ಮಹಡಿಯ ಒಂದು ಕೋಣೆ. ಕಿಟಕಿಯಿಂದ ನೋಡಿದರೆ ಎಲೆ ಉದುರಿದ ಮರ, ಅದರ ಹಿಂದೆ ಇನ್ನೊಂದು ಅಂಥದೇ ಕಿಟಕಿ. ಅಲ್ಲೂ ಒಬ್ಬ ಮುದುಕ ಕೂತು ನನ್ನ ಕಡೆ ನೋಡುತ್ತಿದ್ದ. ಚಳಿಗಾಲವೆಲ್ಲ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಒಂದು ದಿನವೂ ಕೈಯೆತ್ತಲಿಲ್ಲ.

ಒಂದು ಭಾನುವಾರ ಸಾರು ಮಾಡೋಣವೆಂದು ಮೆಣಸು, ಜೀರಿಗೆ ಕುಟ್ಟಲು ಕೂತೆ. ಒರಳಿಲ್ಲ, ದಪ್ಪ ಬಟ್ಟಲೊಂದರಲ್ಲಿ ಚಮಚದ ಹಿಡಿಯಿಂದ ಕುಟ್ಟುತ್ತಿದ್ದೆ. ಕೆಳಗಿನ ಮನೆಯಾತ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದ. ನಾನು ಸಂಭ್ರಮದಿಂದ ತೆಗೆದೆ. ಅಷ್ಟು ದಿನದಲ್ಲಿ ನನ್ನ ಬಾಗಿಲು ತಟ್ಟಿದವನು ಅವನೇ ಮೊದಲು. ಒಳಗೆ ಬನ್ನಿ ಎಂದು ಕುರ್ಚಿ ಎಳೆದೆ. ಆತ ತುಟಿಯ ಮೇಲೆ ಬೆರಳಿಟ್ಟು, "ಭಾನುವಾರ" ಎಂದಷ್ಟೇ ಹೇಳಿ, ಬಹಳ ಮರ್ಯಾದೆಯಿಂದ ತಲೆಬಾಗಿಸಿ ಇಳಿದುಹೋದ. ಭಾನುವಾರ ಸದ್ದು ಮಾಡಬಾರದೆಂಬುದು ಅಲ್ಲಿನ ಕಟ್ಟಳೆ. ನಾನು ಮೆಣಸನ್ನು ಇಡಿಯಾಗಿಯೇ ಸಾರಿಗೆ ಹಾಕಿ ಉಂಡೆ.

ಲಲಿತ ಬೂಕನಕೆರೆಯವಳು. ಅವರ ಮನೆ ಸಂತೆಮಾಳಕ್ಕೆ ಅಂಟಿಕೊಂಡೇ ಇತ್ತು. ಹುಟ್ಟಿದಾಗಿನಿಂದ ಸಂತೆಯ ಗದ್ದಲ ಕೇಳಿ ಬೆಳೆದವಳಾದ್ದರಿಂದ ಮೆತ್ತಗೆ ಮಾತಾಡಲು ಅವಳಿಗೆ ಬರುತ್ತಲೇ ಇರಲಿಲ್ಲ. ಮೈಸೂರಿನ ನಮ್ಮ ಎರಡು ಕೋಣೆಯ ಮನೆಯಲ್ಲೂ, ನಾನು ನದಿಯ ಆಚೆ ದಡದಲ್ಲಿದ್ದೇನೆ ಎಂಬ ಹಾಗೆ ಕೂಗಿ ಊಟಕ್ಕೆ ಕರೆಯುತ್ತಿದ್ದಳು. ಅಕ್ಕಪಕ್ಕದವರಿಗೆ ಕೇಳಿಸುತ್ತೆ ಎಂದು ನಾನು ಗೊಣಗುತ್ತಿದ್ದೆ. ಅವಳು ಈ ಊರಿಗೆ ಬಂದಿದ್ದರೆ ಕೆಳಗಿನ ಮನೆಯಾತ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗುತ್ತಿದ್ದ. ಆ ಸಂಜೆ ನಾನು ಕಿಟಕಿ ಹಾಕಿ, ಬಾಗಿಲು ಹಾಕಿ, ಒಂದೇ ಒಂದು ಸಲ, ಅವಳಂತೆ ಗಟ್ಟಿಯಾಗಿ, "ರೀ, ಊಟಕ್ಕೆ ಬನ್ರೀ" ಎಂದೆ. ಯಾರೂ ಮೆಟ್ಟಿಲು ಹತ್ತಿ ಬರಲಿಲ್ಲ. ಅಳು ಬಂತು, ಅತ್ತೆ.

ಬೆಳಕಿನ ಹಲಗೆ

ಮರದ ಶಿಲ್ಪಗಳಿಗೆ ಅಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ಹಳ್ಳಿಯ ಚರ್ಚೊಂದರಿಂದ ಬಂದ ಒಬ್ಬ ಸಂತನ ಮೂರ್ತಿಯನ್ನು ಪರೀಕ್ಷಿಸುವ ದಿನ ಫ್ರೌ ಲಾಂಗೆ ನನ್ನನ್ನೂ ಕರೆದರು. ತೊಳೆದು ಒಣಗಿಸಿದ ಫಿಲಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಸಂತನ ಎದೆಯೊಳಗೆ ಹುಳು ಕೊರೆದ ದಾರಿಗಳು ಬಳ್ಳಿಯಂತೆ ಹಬ್ಬಿದ್ದವು. ಹೊರಗೆ ಬಣ್ಣ, ಚಿನ್ನದ ಮೆರುಗು ಎಲ್ಲ ಹೊಸದರಂತೆ ಇತ್ತು. ಫ್ರೌ ಲಾಂಗೆ ಪೆನ್ನಿನ ತುದಿಯಿಂದ ಒಂದು ಜಾಗವನ್ನು ತೋರಿಸಿದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಲಲಿತಳ ಫಿಲಮನ್ನು ಹೀಗೇ ಬೆಳಕಿಗೆ ಹಿಡಿದು, ಹೀಗೇ ಪೆನ್ನಿನ ತುದಿಯಿಂದ ತೋರಿಸಿದ್ದರು. ಅದಕ್ಕೆ ಮುಂಚೆ ಅವಳಿಗಿದ್ದದ್ದು ಬರೀ ಕೆಮ್ಮು. ಹಿಂದಿನ ದಿನ ಬಿಂದಿಗೆಯಲ್ಲಿ ನೀರು ಹೊತ್ತಿದ್ದಳು, ರಾಗಿ ಕೇರಿದ್ದಳು, ಪಕ್ಕದ ಮನೆಯವಳ ಜೊತೆ ಜಗಳವನ್ನೂ ಆಡಿದ್ದಳು. ಫಿಲಮು ನೋಡಿ ಬಂದ ಮೇಲೆ ಮನೆಗೆ ಬಂದವರೆಲ್ಲ ಅವಳ ಕೈಯಿಂದ ಒಂದೊಂದನ್ನೇ ತೆಗೆದುಕೊಂಡರು. ಅಕ್ಕ ಮೊರ ತೆಗೆದುಕೊಂಡಳು, ಅತ್ತಿಗೆ ಸೌಟು, ನಾನು ಬಿಂದಿಗೆ. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ಅವಳು ಗೋಡೆಗೆ ಒರಗಿ ಕೂತು ಸ್ವಲ್ಪ ಹೊತ್ತು ನೋಡಿ ಹೇಳಿದಳು: "ನಿನ್ನೆ ಇದ್ದೋಳೇ ಕಣ್ರೀ ನಾನು. ಆ ಫೋಟೋ ತೆಗ್ಸಕ್ ಮುಂಚೆ ಇದ್ದೋಳೇ."

ಹೊರಗೆ ನಿಂತಿದ್ದ ನನ್ನನ್ನು ಫ್ರೌ ಲಾಂಗೆ ಹುಡುಕಿಕೊಂಡು ಬಂದರು. ಔಷಧದ ವಾಸನೆ ಆಗಲಿಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ, ಆದರೆ ಒಂದು ಲೋಟ ಬಿಸಿನೀರು ತಂದುಕೊಟ್ಟು ಪಕ್ಕದಲ್ಲಿ ನಿಂತರು.

ಪೆಟ್ಟಿಗೆ ಬಿಚ್ಚಿದ ದಿನ

ಹಿಮ ಕರಗಿತು. ಪೆಟ್ಟಿಗೆ ಬಿಚ್ಚುವ ಕೆಲಸ ಶುರುವಾಯಿತು. ಆ ಊರಿನಲ್ಲಿ ನಾಲ್ಕು ಜನ ಸೇರಿ ನಿಂತದ್ದನ್ನು ಅವತ್ತು ಮೊದಲ ಸಲ ನೋಡಿದೆ. ನಾಯಿಯ ಮುದುಕಿಯೂ ಬಂದಿದ್ದಳು. ಮೂರ್ತಿಗಳು ಒಂದೊಂದಾಗಿ ಹೊರಗೆ ಕಾಣಿಸಿಕೊಂಡಾಗ ಅವರು ಚಪ್ಪಾಳೆ ತಟ್ಟಲಿಲ್ಲ, ಕೈ ಮುಗಿಯಲಿಲ್ಲ. ಊರಿಗೆ ಹೋಗಿ ಬಂದ ನೆಂಟರನ್ನು ನೋಡುವಂತೆ ನೋಡಿದರು.

ದಾರಿಯ ಕೊನೆಯಲ್ಲಿ ಹಣ್ಣಿನ ಬುಟ್ಟಿ ಹಿಡಿದ ಒಬ್ಬ ಹೆಣ್ಣಿನ ಮೂರ್ತಿ. ಅದನ್ನು ಚಳಿಗಾಲದಲ್ಲಿ ಅಳೆದವನು ನಾನೇ. ಸೊಂಟದ ಹತ್ತಿರ ಎಲ್ಲಿ ಹಿಡಿದರೂ ಪಾಂಡವಪುರವೇ. ಬೆರಳಿನಿಂದ ಸವರಿದರೆ ಕಲ್ಲು ಸಕ್ಕರೆಯಂತೆ ಉದುರುತ್ತಿತ್ತು. ಮಂಡ್ಯ ಸೀಮೆಯವನಿಗೆ ಸಕ್ಕರೆಯನ್ನು ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ಅವತ್ತು ಅದನ್ನು ಪಟ್ಟಿಗಳಲ್ಲಿ ಕಟ್ಟಿ ಎತ್ತಿ ಒಳಗೆ ಸಾಗಿಸಲು ಸಿದ್ಧತೆ ನಡೆದಿತ್ತು.

"ಇದನ್ನು ಯಾವಾಗ ತೆಗೆದುಹಾಕುತ್ತೀರಿ?" ಎಂದು ಕೇಳಿದೆ. ಫ್ರೌ ಲಾಂಗೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತೆಗೆದು ಎಲ್ಲಿಗೆ ಹಾಕುವುದು ಎಂದರು. ನಾನು ನಮ್ಮೂರಿನ ಗೋಪಾಲಸ್ವಾಮಿಯ ಕಥೆಯನ್ನು ಪೂರ್ತಿ ಹೇಳಿದೆ. ಒದ್ದೆ ಗೆರೆ, ಕಾವೇರಿ, ಬೋರೇಗೌಡರು, ನರಸಿಂಹಯ್ಯನವರು ಕೇಳಿದ ಪ್ರಶ್ನೆ, ಎಲ್ಲ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ನಿಮಗೆ ಅದು ಬದುಕಿರುವ ದೇವರು, ಅದಕ್ಕೇ ನೀವು ಅದಕ್ಕೆ ಸಂಸ್ಕಾರ ಮಾಡುತ್ತೀರಿ, ನಮಗಿದು ಕಲ್ಲು, ಆದ್ದರಿಂದ ನಾವು ಇಟ್ಟುಕೊಳ್ಳುತ್ತೇವೆ, ಯಾರು ಸರಿ ಎಂದು ನಾನು ಹೇಳಲಾರೆ ಎಂದರು.

ಹಾಗಾದರೆ ಬಿರುಕು ಗೊತ್ತಾಗಿ ನಿಮಗೇನು ಪ್ರಯೋಜನ ಎಂದೆ. ನನ್ನ ದನಿ ಸ್ವಲ್ಪ ಒರಟಾಗಿತ್ತು. ಅವರು ಪಟ್ಟಿ ಕಟ್ಟುತ್ತಿದ್ದವರ ಕಡೆ ಕೈ ತೋರಿಸಿದರು. ಪಟ್ಟಿಗಳು ಸೊಂಟವನ್ನು ಬಿಟ್ಟು, ಪೀಠದ ಅಡಿಯಿಂದ ಮತ್ತು ಕಂಕುಳ ಕೆಳಗಿನಿಂದ ಹೋಗಿದ್ದವು.

"ಎತ್ತುವಾಗ ಎಲ್ಲಿ ಹಿಡಿಯಬಾರದು ಎಂದು ತಿಳಿಯುತ್ತದೆ, ಹೆರ್ ಗೌಡ. ನಾನು ಕಲಿತಿರುವುದು ಅಷ್ಟೇ."

ಮೂರ್ತಿ ಮೇಲೆದ್ದಿತು. ಸುತ್ತಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಗಾಡಿಯ ಮೇಲೆ ಇಳಿಸಿದ ಮೇಲೆ ನಾಯಿಯ ಮುದುಕಿ ನನ್ನ ಪಕ್ಕಕ್ಕೆ ಬಂದು, ಕೋಟಿನ ಪಿನ್ನನ್ನು ನೋಡಿ, ಅದು ಓರೆಯಾಗಿದ್ದನ್ನು ಸರಿ ಮಾಡಿ ಹೊರಟುಹೋದಳು. ಆ ದೇಶದಲ್ಲಿ ನನ್ನನ್ನು ಯಾರಾದರೂ ಮುಟ್ಟಿದ್ದರೆ ಅದೊಂದೇ ಸಲ.

ಗೋಪಾಲಸ್ವಾಮಿ ಗುಡಿ

ನಾನು ಬಂದೆನೆಂದು ತಿಳಿದ ಕೂಡಲೇ ಬೋರೇಗೌಡರು ಹೇಳಿಕಳಿಸಿದರು. ಬೀರುವಿನ ಬೀಗ ತೆಗೆಸಿ, ಯಂತ್ರಕ್ಕೆ ಅಂಟಿದ್ದ ಕುಂಕುಮ ಒರೆಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಹೋದೆ.

ಮೊದಲ ತೊಡಕು ಮುಲಾಮಿನದು. ಜರ್ಮನಿಯಿಂದ ತಂದ ಡಬ್ಬಿ ತೆಗೆದೆ. ಅದರಲ್ಲಿ ಏನಿದೆ ಎಂದು ಬೋರೇಗೌಡರು ಕೇಳಿದರು. ನನಗೆ ಗೊತ್ತಿರಲಿಲ್ಲ. ಯಾವ ಪ್ರಾಣಿಯ ಕೊಬ್ಬೋ ಏನೋ, ದೇವರ ಮೈಗೆ ಅದನ್ನು ಸೋಕಿಸಕೂಡದು ಎಂದರು. ಜಿಡ್ಡಿಲ್ಲದೆ ಕೆಲಸ ನಡೆಯುವುದಿಲ್ಲ ಎಂದೆ. ಜಗುಲಿಯ ಮೇಲಿದ್ದವರೆಲ್ಲ ಯೋಚನೆಗೆ ಬಿದ್ದರು. ನರಸಿಂಹಯ್ಯನವರೇ ಎದ್ದು, ಬೆಣ್ಣೆ ಆಗದೇನಪ್ಪ ಎಂದರು. ಬೆಣ್ಣೆಕೃಷ್ಣನಿಗೆ ಬೆಣ್ಣೆ. ನಾನು ಯಂತ್ರವನ್ನು ಒಂದು ಗುಂಡುಕಲ್ಲಿನ ಮೇಲೆ ಬೆಣ್ಣೆ ಹಚ್ಚಿ ಪರೀಕ್ಷಿಸಿದೆ. ಚೆನ್ನಾಗಿಯೇ ಕೇಳಿಸಿತು.

ಎರಡನೆಯ ತೊಡಕು ನಾನೇ. ಗರ್ಭಗುಡಿಯ ಹೊಸ್ತಿಲು ದಾಟುವಂತಿಲ್ಲ, ವಿಗ್ರಹ ಮುಟ್ಟುವಂತಿಲ್ಲ. ಹಾಗಾಗಿ ಬಿಲ್ಲೆ ಹಿಡಿಯುವ ಕೆಲಸ ನರಸಿಂಹಯ್ಯನವರದಾಯಿತು. ಅವರು ಮಿಂದು, ಒದ್ದೆಪಂಚೆಯಲ್ಲೇ ಬಂದು, ಬಿಲ್ಲೆಗಳಿಗೆ ತುಳಸಿ ನೀರು ಚಿಮುಕಿಸಿದರು. ಯಂತ್ರಕ್ಕೆ ಏನಾಗುವುದೋ ಎಂದು ನನ್ನ ಜೀವ ಬಾಯಿಗೆ ಬಂತು. ನಾನು ಹೊಸ್ತಿಲಿನ ಹೊರಗೆ ಯಂತ್ರದ ಮುಂದೆ ಕೂತೆ. ತಂತಿಗಳು ನನ್ನಿಂದ ಒಳಗೆ ದೀಪದ ಬೆಳಕಿನವರೆಗೆ ಹೋದವು. ಯಾರೂ ಹೇಳದೆ ಚಪ್ಪಲಿ ಬಿಟ್ಟು ಕೂತಿದ್ದೆ, ಇಲ್ಲಿ ಯಾರೂ ಕಂಬಳಿ ಹಾಸಬೇಕಿರಲಿಲ್ಲ.

ಅವರು ಎರಡೂ ಕೈಯಲ್ಲಿ ಬಿಲ್ಲೆ ಹಿಡಿದು ತಿರುಗಿ ನೋಡಿದರು. "ಸ್ವಾಮಿಗೆ ನೋವಾಗುತ್ತಾ ಚಂದ್ರು?"

"ಇಲ್ಲ ಸ್ವಾಮಿ. ಬರೀ ಸದ್ದು ಹೋಗುತ್ತೆ. ನಮಗೂ ಕೇಳೋದಿಲ್ಲ."

ಬಲಭುಜ, ಎದೆ, ತೊಡೆ, ಎಲ್ಲ ಗಟ್ಟಿ. ಬಸ್ಸು ನೇರ ರಸ್ತೆಯಲ್ಲಿ ಹೋಗುತ್ತಿತ್ತು. ಎಡಭುಜಕ್ಕೆ ಬಂದಾಗ ಅಂಕಿ ಒಮ್ಮೆಗೇ ಹಾರಿತು. ಬಿಲ್ಲೆ ಸರಿಯಾಗಿ ಕೂತಿಲ್ಲವೇನೋ ಎಂದು ಮತ್ತೆ ಬೆಣ್ಣೆ ಹಚ್ಚಿಸಿದೆ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಬೆನ್ನಿನ ಕಡೆ ಎಂದು ಹೇಳುತ್ತಾ ಹೋದೆ. ಬೆನ್ನಿನ ಕಡೆ ಕಲ್ಲು ಒಂದಾಗಿಯೇ ಇತ್ತು, ಮುಂ‌ಭಾಗದಲ್ಲಿ ಭುಜದಿಂದ ಸೊಂಟದವರೆಗೆ ಒಳಗೆ ಬಿರುಕು ಬಿಟ್ಟಿತ್ತು. ಅನುಮಾನಕ್ಕೆ ಜಾಗವಿರಲಿಲ್ಲ. ನಾನು ಯಂತ್ರ ಆರಿಸಿದೆ. ಒಳಗಿನಿಂದ ಅವರು ನನ್ನ ಮುಖ ನೋಡಿದರು.

"ಅದೆಯೋ ಇಲ್ವೋ?" ಎಂದರು ಬೋರೇಗೌಡರು.

"ಅದೆ" ಎಂದೆ.

ನರಸಿಂಹಯ್ಯನವರು ಬೆಣ್ಣೆಯ ಕೈಯನ್ನು ಮೈಗೆ ತಾಗಿಸದೆ ಮುಂದಕ್ಕೆ ಚಾಚಿಕೊಂಡು ನಿಂತಿದ್ದರು. ನಾನು ಮಾತು ಮುಂದುವರಿಸಿದೆ. ಬಿರುಕು ಒಳಗಿದೆ, ಬೆನ್ನಿನ ಕಲ್ಲು ಅದನ್ನು ಹಿಡಿದಿದೆ. ತಲೆಯ ಮೇಲಿಂದ ಬಿಂದಿಗೆಯಲ್ಲಿ ಸುರಿಯಬೇಡಿ, ಬಲಗಡೆಯಿಂದ ಸಣ್ಣಗೆ ಎರೆಯಿರಿ. ಬಿಸಿನೀರು ಬೇಡ. ಎಡಭುಜಕ್ಕೆ ಕವಚದ ಭಾರ ಬೇಡ. ಒರೆಸುವಾಗ ಎಡಗಡೆ ಒತ್ತಬೇಡಿ. ಇಷ್ಟು ಮಾಡಿದರೆ ನಮ್ಮ ಕಾಲಕ್ಕಂತೂ ಏನೂ ಆಗುವುದಿಲ್ಲ. ಯಂತ್ರ ಬಿರುಕನ್ನು ಹೇಳುತ್ತದೆ, ಭಿನ್ನವೋ ಅಲ್ಲವೋ ಎಂದು ಅದು ಹೇಳುವುದಿಲ್ಲ, ಅದನ್ನು ಊರೇ ಹೇಳಬೇಕು ಎಂದೆ.

ಬೋರೇಗೌಡರು ವಿಗ್ರಹದ ಕಡೆ ನೋಡಿದರು. ಆಮೇಲೆ ಕಂಬ ಹಿಡಿದು ಎದ್ದು, ತಮ್ಮ ಕುಂಟುಗಾಲಿನ ಪಂಚೆಯನ್ನು ಮಂಡಿಯವರೆಗೆ ಎತ್ತಿದರು. ಉದ್ದಕ್ಕೂ ಹೊಲಿಗೆಯ ಗುರುತು.

"ಇದ್ರೊಳ್ಗೆ ಕಬ್ಬುಣದ ಸಲಾಕೆ ಅದೆ. ಡಾಕುಟ್ರು ಪಿಲಮ್ಮು ತೋರ್ಸವ್ರೆ. ಅಂಗಂತ ನಮ್ಮನೆಯೋರು ನನ್ನ ಎತ್ಕಂಡೋಗಿ ಒಳೆಗ್ ಬುಟ್ರೇನ್ಲಾ?"

ಯಾರೋ ಕಿಸಕ್ಕೆಂದರು. ಅವರೂ ನಕ್ಕರು, ಆದರೆ ಕಣ್ಣು ಒದ್ದೆಯಾಗಿತ್ತು. ಪಂಚೆ ಇಳಿಬಿಟ್ಟು, ಶಿಲ್ಪಿಗೆ ನಾನೇ ಹೇಳ್ಕತೀನಿ, ಐನೋರೇ ಬಾಗ್ಲಾಕ್ಕಬೇಡಿ, ಮಂಗಳಾರತಿ ಮಾಡಿ ಎಂದರು.

ನರಸಿಂಹಯ್ಯನವರು ವಿಗ್ರಹದ ಮೈಮೇಲಿನ ಬೆಣ್ಣೆ ಒರೆಸಲು ಬಟ್ಟೆ ತೆಗೆದುಕೊಂಡರು. ಎಡಭುಜದ ಹತ್ತಿರ ಬಂದು ಕೈ ನಿಲ್ಲಿಸಿದರು. "ಎಲ್ಲಿ ಒತ್ತಬಾರದು ಅಂತ ಇನ್ನೊಂದ್ಸಲ ಹೇಳು ಚಂದ್ರು" ಎಂದರು. ನಾನು ಹೊಸ್ತಿಲಿನ ಹೊರಗೆ ನಿಂತು ನನ್ನ ಭುಜದ ಮೇಲೆಯೇ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಅವರು ಕೂಸಿನ ಮೈ ಒರೆಸುವಂತೆ ಒರೆಸಿದರು.

ಮೈಸೂರು

ವಾಪಸು ಬರುವಾಗ ಬಸ್ಸು ನಿಜವಾಗಿಯೂ ಪಾಂಡವಪುರ ಸುತ್ತಿಕೊಂಡೇ ಬಂತು. ನನಗೊಬ್ಬನಿಗೇ ನಗು ಬಂತು, ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಲಲಿತಳ ಬೂದಿಯನ್ನು ನಾನು ಬಿಟ್ಟದ್ದು ಇಲ್ಲೇ. ಬಿಟ್ಟ ಮೇಲೆ ಈ ಸೇತುವೆ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವತ್ತು ಹೊಳೆ ದಾಟುವ ತನಕ ನೋಡಿದೆ.

ಮನೆಯ ಬೀಗ ತೆಗೆದೆ. ಅಟ್ಟದ ಮೇಲೆ, ಹಳೆಯ ಚಾಪೆಗಳ ಹಿಂದೆ, ಆಸ್ಪತ್ರೆಯ ಕಂದು ಲಕೋಟೆ ಇತ್ತು. ಆ ದಿನದ ನಂತರ ಅದನ್ನು ನಾನು ತೆರೆದಿರಲಿಲ್ಲ. ಫಿಲಮನ್ನು ಅಂಚಿನಲ್ಲಿ ಹಿಡಿದು ಹೊರಗೆ ತೆಗೆದು ಅಡಿಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದೆ.

ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದ ಜಾಗವನ್ನು ಹುಡುಕಲಿಲ್ಲ. ಹುಡುಕುವ ಮೊದಲೇ ಇನ್ನೊಂದು ಕಣ್ಣಿಗೆ ಬಿತ್ತು. ಭುಜದ ಮೂಳೆಯ ಮೇಲೆ, ಅಚ್ಚ ಬಿಳಿಯಾಗಿ, ಒಂದು ಪಿನ್ನು. ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಿ ಎಂದು ಅವರು ಹೇಳಿದಾಗ ಸರ ತೆಗೆದಿದ್ದಳು, ಬಳೆ ತೆಗೆದಿದ್ದಳು, ರವಿಕೆಯ ಭುಜದ ಮೇಲಿನ ಪಿನ್ನನ್ನು ಮರೆತಿದ್ದಳು. ಅಷ್ಟು ಜನ ನೋಡಿದ ಆ ಫಿಲಮಿನಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಸೆರಗು ಜಾರಿದ ನೆಂಟರ ಹೆಂಗಸರು ಓಡಿ ಬರುತ್ತಿದ್ದ, ಎರಡು ಕೋಣೆಯ ಮನೆಯಲ್ಲಿ ಕೂಗಿ ಊಟಕ್ಕೆ ಕರೆಯುತ್ತಿದ್ದ, ಆ ಫೋಟೋ ತೆಗೆಸುವ ಮುಂಚೆ ಇದ್ದವಳೇ ಅದರೊಳಗೂ ಇದ್ದಳು.